ಸರ್ಕಾರದ ಕೈಗೆ ಸಿಗದ ಬಾಲ

ನನ್ನ ಹೆಂಡತಿಯ ತಮ್ಮನನ್ನು ನಮ್ಮ ಬೀದಿಯವರೆಲ್ಲ ಸೀಲಪ್ಪ ಎಂದೇ ಕರೆಯುವುದು. ಅವನದು ರಬ್ಬರ್ ಸ್ಟಾಂಪು ಮಾಡುವ ಅಂಗಡಿ. ಅಂಗಡಿ ಎಂದರೆ, ಅವನು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು, ಅಷ್ಟು ದೊಡ್ಡದು. ಊರಿನ ಕಚೇರಿಗಳ ‘ಮಂಜೂರಾಗಿದೆ’, ‘ಪರಿಶೀಲನೆಯಲ್ಲಿದೆ’, ‘ತಿರಸ್ಕರಿಸಲಾಗಿದೆ’ ಎಲ್ಲ ಹುಟ್ಟುವುದು ಅಲ್ಲಿಯೇ. ‘ಮಂಜೂರಾಗಿದೆ’ ಒಮ್ಮೆ ಮಾಡಿಕೊಟ್ಟರೆ ಸಾಹೇಬರು ನಿವೃತ್ತಿಯಾಗುವವರೆಗೂ ಹೊಸದರಂತೆಯೇ ಇರುತ್ತದೆ, ‘ತಿರಸ್ಕರಿಸಲಾಗಿದೆ’ ಮಾತ್ರ ವರ್ಷ ತುಂಬುವುದರೊಳಗೆ ಸವೆದು ವಾಪಸು ಬರುತ್ತದೆ ಎಂದು ಅವನು ಹೇಳುತ್ತಿದ್ದ. ಇದರಿಂದಾಗಿ, ಸರ್ಕಾರದ ಒಳಹೊರಗು ತನಗೆ ತಿಳಿದಷ್ಟು ಮಂತ್ರಿಗಳಿಗೂ ತಿಳಿಯದು ಎಂಬ ನಂಬಿಕೆ ಅವನಲ್ಲಿ ಬೇರು ಬಿಟ್ಟಿತ್ತು. ನಾನು ಬಸ್ ಡಿಪೋದಲ್ಲಿ ಟೈರು ಸ್ಟೋರು ನೋಡಿಕೊಳ್ಳುವವನು. ನನಗೆ ಅಂಥ ನಂಬಿಕೆಗಳೇನೂ ಇಲ್ಲ.

ನಾವಿರುವುದು ಒಂದು ವಠಾರದಲ್ಲಿ. ಕೆಳಗೆ ಮೂರು ಸಂಸಾರ, ಮೇಲೆ ಓನರಮ್ಮ. ಮೊದಲನೇ ಬಾಗಿಲು ನಮ್ಮದು, ಎರಡನೆಯದು ಸೀಲಪ್ಪನದು, ಕೊನೆಯದರಲ್ಲಿ ಒಬ್ಬಳು ನರ್ಸು. ಎಲ್ಲರಿಗೂ ಸೇರಿ ಒಂದೇ ಗೇಟು. ಗೇಟಿಗೂ ರಸ್ತೆಗೂ ನಡುವೆ ಸೊಂಟದಷ್ಟು ಆಳದ ಚರಂಡಿ. ಅದರ ಮೇಲೆ ಇದ್ದ ಒಂದು ಕಲ್ಲುಚಪ್ಪಡಿಯೇ ನಮಗೂ ಹೊರಜಗತ್ತಿಗೂ ಇದ್ದ ಸಂಬಂಧ.

ಒಂದು ನೀರಿನ ಟ್ಯಾಂಕರು ಹಿಂದಕ್ಕೆ ಬರುವಾಗ ಚಕ್ರ ಹತ್ತಿಸಿ ಆ ಚಪ್ಪಡಿಯನ್ನು ಮುರಿದುಹಾಕಿತು. ಅರ್ಧ ಚರಂಡಿಗೆ ಬಿತ್ತು, ಇನ್ನರ್ಧ ಹೇಗೋ ಎರಡೂ ಅಂಚಿಗೆ ಆತುಕೊಂಡು ಉಳಿಯಿತು. ಎಡಗಡೆ ಕಾಲಿಟ್ಟರೆ ಸುಮ್ಮನಿರುತ್ತದೆ, ಬಲಗಡೆ ಇಟ್ಟರೆ ಎದ್ದು ನಿಲ್ಲುತ್ತದೆ. ಕಾಲಿಡುವ ಜಾಗ ಕಾಣುವವರಿಗೆ ಇದು ದೊಡ್ಡ ವಿಷಯವಲ್ಲ. ನನ್ನ ಹೆಂಡತಿಗೆ ಕಾಣುವುದಿಲ್ಲ. ಅವಳು ಹೊಲಿಗೆಯವಳು. ದಿನವಿಡೀ ಕಾಲಲ್ಲಿ ತುಳಿಯುವ ಮಿಷನ್ನಿನ ಮುಂದೆ ಕೂತು, ಸಂಜೆಗೆ ಹೊಲಿದದ್ದನ್ನೆಲ್ಲ ಗಂಟು ಕಟ್ಟಿ ಎದೆಗವಚಿಕೊಂಡು ಬಟ್ಟೆ ಅಂಗಡಿಗೆ ಕೊಟ್ಟು ಬರುತ್ತಾಳೆ. ಗಂಟು ಹೊತ್ತಾಗ ಅವಳ ಪಾದ ಅವಳಿಗೇ ಕಾಣದು. ಆ ಎರಡು ಕಾಲು ನೆಟ್ಟಗಿದ್ದರೆ ನಮ್ಮ ಮನೆ ನಡೆಯುತ್ತದೆ, ನನ್ನ ಟೈರು ಸ್ಟೋರಿನಿಂದಲ್ಲ.

ಅವಳು ತಮ್ಮನನ್ನು ಕರೆದು ಹೇಳಿದ್ದು ಇಷ್ಟೇ. “ನೀನು ಆಫೀಸುಗಳಿಗೆಲ್ಲ ಹೋಗಿ ಬರ್ತೀಯಲ್ಲ, ಒಂದು ಮಾತು ಹೇಳೋ. ಒಂದು ಕಲ್ಲು ಹಾಕಿಕೊಡಲಿ. ಇವತ್ತಲ್ಲ ನಾಳೆ ನಾನು ಅದರೊಳಗೆ ಬೀಳ್ತೀನಿ.”

ಒಂದು ಮಾತು. ಅವನಿಗೆ ಬಾಯಿ ಇತ್ತು, ಮುನಿಸಿಪಾಲಿಟಿ ಕಚೇರಿಗೆ ಸ್ಟಾಂಪು ಕೊಡಲು ಹೋಗುವುದೂ ಇತ್ತು. ಆದರೆ ಸೀಲಪ್ಪ ಅಕ್ಕನನ್ನು ಕನಿಕರದಿಂದ ನೋಡಿದ. ಬಾಯಲ್ಲಿ ಹೇಳಿ ಕೆಲಸ ಆಗುವ ಕಾಲ ಹೋಯಿತೆಂದೂ, ಅರ್ಜಿ ಕೊಟ್ಟರೆ ಅದರ ಮೇಲೆ ಯಾವ ಸೀಲು ಬೀಳುತ್ತದೆಂದು ತನಗೆ ಗೊತ್ತೆಂದೂ, ಅದನ್ನು ತಾನೇ ಮಾಡಿಕೊಟ್ಟದ್ದೆಂದೂ ವಿವರಿಸಿದ. ಇದಕ್ಕಿರುವುದು ಒಂದೇ ದಾರಿ, ವೆಬ್‌ಸೈಟು. ಮುರಿದ ಚಪ್ಪಡಿಯ ಫೋಟೋ ಹಾಕಿ, ಸರ್ಕಾರದ ಮುಖಕ್ಕೆ ಮಂಗಳಾರತಿ ಎತ್ತಿ, ಜಗತ್ತಿಗೇ ಕಾಣುವ ಹಾಗೆ ಮಾಡುತ್ತೇನೆ ಎಂದ. ತಾಯಿ ಹೋದಮೇಲೆ ಅವನಿಗೆ ಉಣ್ಣಿಸಿ ಬೆಳೆಸಿದವಳು ಇವಳೇ. ತಮ್ಮ ಏನು ಹೇಳಿದರೂ ಇವಳ ಕಣ್ಣು ಅರಳುತ್ತದೆ. ನನ್ನ ಮಾತಿಗೆ ಒಮ್ಮೆಯೂ ಹಾಗೆ ಅರಳಿದ್ದು ನಾನು ಕಾಣೆ.

ಬೀದಿಯ ತುದಿಯ ಜೆರಾಕ್ಸ್ ಅಂಗಡಿಯವನು ಕೇಳಿದವರಿಗೆ ವೆಬ್‌ಸೈಟೂ ಮಾಡಿಕೊಡುತ್ತಿದ್ದ. ಸೀಲಪ್ಪ ನನ್ನನ್ನೂ ಎಳೆದುಕೊಂಡು ಹೋದ. ಸೈಟಿಗೆ ‘ಚಪ್ಪಡಿ’ ಎಂದು ಹೆಸರಿಡುವುದು ಚಹಾ ಆರುವುದರೊಳಗೆ ಮುಗಿಯಿತು. ಅಷ್ಟಕ್ಕೇ ಸುಮ್ಮನಿರಬಾರದೇ ಆ ಜೆರಾಕ್ಸಿನ ಪುಣ್ಯಾತ್ಮ? ಬಾಲ ಯಾವುದು ಬೇಕು ಎಂದು ಕೇಳಿದ. ಆ ಒಂದು ಪ್ರಶ್ನೆ ಅವನು ಕೇಳದೆ ಇದ್ದಿದ್ದರೆ ನನ್ನ ಹೆಂಡತಿ ಇವತ್ತು ನೆಟ್ಟಗೆ ನಡೆಯುತ್ತಿದ್ದಳು.

ಬಾಲ ಎಂದರೆ, ಸೈಟಿನ ಹೆಸರಾದ ಮೇಲೆ ಒಂದು ಚುಕ್ಕಿ ಇಟ್ಟು, ಆ ಚುಕ್ಕಿಯಾದ ಮೇಲೆ ಬರುವ ಎರಡು ಮೂರು ಅಕ್ಷರ. ಒಂದೊಂದು ದೇಶಕ್ಕೂ ಒಂದೊಂದು ಬಾಲ ಉಂಟಂತೆ, ಯಾವ ದೇಶದ್ದೂ ಅಲ್ಲದ ಬಾಲಗಳೂ ಉಂಟಂತೆ. ಬಾಲ ಯಾರ ಕೈಯಲ್ಲಿರುತ್ತದೋ ಅವರು ಮನಸ್ಸು ಮಾಡಿದರೆ ಹೆಸರನ್ನೇ ಅಳಿಸಿಬಿಡಬಹುದು. ನಮ್ಮ ದೇಶದ್ದೇ ಹಾಕಿಬಿಡಲೇ, ಬೇಗ ಸಿಗುತ್ತದೆ ಎಂದು ಅಂಗಡಿಯವನು ಕೇಳಿದ್ದೇ ತಡ, ಸೀಲಪ್ಪ ಸ್ಟೂಲಿನಿಂದ ಎದ್ದುಬಿಟ್ಟ.

“ನಮ್ಮ ದೇಶದ ಬಾಲ ಅಂದ್ರೆ ನಮ್ಮ ಸರ್ಕಾರದ ಕೈಯಲ್ಲೇ ಇರುತ್ತೆ ತಾನೆ? ಬೆಳಿಗ್ಗೆ ನಾನು ಹಾಕ್ತೀನಿ, ಮಧ್ಯಾಹ್ನ ಅವರು ಕಿತ್ತು ಹಾಕ್ತಾರೆ. ಅವರ ಕೈಗೆ ಸಿಗದೇ ಇರೋ ಬಾಲ ಯಾವುದಿದೆ ಹೇಳು.”

ಜೆರಾಕ್ಸಿನವನಿಗೆ ಇಂಥ ಗಿರಾಕಿ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಟ್ಯೂಷನ್ ಮನೆಗಳ, ಬ್ಯೂಟಿ ಪಾರ್ಲರುಗಳ ಸೈಟು. ಅವನೂ ಉತ್ಸಾಹಕ್ಕೆ ಬಿದ್ದ. ಎಲ್ಲರೂ ಇಟ್ಟುಕೊಳ್ಳುವ ಆ ಮೂರಕ್ಷರದ ಮಾಮೂಲಿ ಬಾಲವಿದೆಯಲ್ಲ, ಅದು ಒಂದು ದೊಡ್ಡ ದೇಶದ ಕಂಪನಿಯ ಕೈಯಲ್ಲಿದೆ, ಅಲ್ಲಿಯ ಕೋರ್ಟು ಒಂದು ಕಾಗದ ಕಳಿಸಿದರೆ ಹೆಸರು ಮಾಯ ಎಂದ. ಸೀಲಪ್ಪ ಆ ದೇಶದವರೂ ನಮ್ಮ ದೇಶದವರೂ ಕೈ ಕುಲುಕುತ್ತಿರುವ ಫೋಟೋವನ್ನು ಪೇಪರಿನಲ್ಲಿ ಕಂಡಿದ್ದ. ಅದು ಬೇಡ ಎಂದ. ಹಿಮ ಬೀಳುವ ಒಂದು ದೇಶದ ಬಾಲ ಬಹಳ ಗಟ್ಟಿ, ಅಲ್ಲಿಯ ಕೋರ್ಟಿಗೆ ಯಾವ ಸರ್ಕಾರ ಬರೆದರೂ ಸುಲಭಕ್ಕೆ ಜಗ್ಗುವುದಿಲ್ಲವಂತೆ. ಆದರೆ ಅಲ್ಲಿಯದೇ ಒಂದು ವಿಳಾಸ ಕೊಡಬೇಕು. ನಮಗೆ ಅಲ್ಲಿ ಯಾರಿದ್ದಾರೆ? ಕೊನೆಗೆ ಉಳಿದದ್ದು ಸಮುದ್ರದ ನಡುವಿನ ಒಂದು ದ್ವೀಪದ ಬಾಲ. ಅಲ್ಲಿಯವರು ಬೇಕೆಂದವರಿಗೆಲ್ಲ ಕೊಡುತ್ತಾರೆ, ಯಾರು ಏನು ಬರೆದಿದ್ದಾರೆಂದು ತಿರುಗಿ ನೋಡುವುದಿಲ್ಲ, ನಮ್ಮ ಸರ್ಕಾರದ ಹೆಸರನ್ನೇ ಅವರು ಕೇಳಿರಲಾರರು.

ಸೀಲಪ್ಪ ಆ ದ್ವೀಪವನ್ನು ಮನೆಗೆ ತಂದ. ತಂದ ಎಂದರೆ, ಅದರ ಭೂಪಟವನ್ನು ಜೆರಾಕ್ಸ್ ಮಾಡಿಸಿ ಗೋಡೆಗೆ ಅಂಟಿಸಿದ. ಅಂಗಡಿಯಲ್ಲಿ ರಬ್ಬರು ಕೊರೆಯುವುದನ್ನು ಬಿಟ್ಟು ದ್ವೀಪದ ರಾಜಕೀಯ ಓದತೊಡಗಿದ. ಅಲ್ಲಿಯ ಪ್ರಧಾನಿಗೂ ನಮ್ಮವರಿಗೂ ಏನಾದರೂ ಒಪ್ಪಂದ ಇದೆಯೇ, ಅಲ್ಲಿ ದಂಗೆ ಆಗುವ ಸಂಭವ ಉಂಟೇ ಎಂದು ಲೆಕ್ಕ ಹಾಕಿದ. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗ ಮುಖ ಇಳಿಬಿಟ್ಟುಕೊಂಡು ಬಂದು ನಿಂತ.

“ಭಾವ, ಆ ದ್ವೀಪ ವರ್ಷವರ್ಷ ಸ್ವಲ್ಪಸ್ವಲ್ಪ ಸಮುದ್ರದೊಳಗೆ ಇಳೀತಾ ಇದೆಯಂತೆ. ದೇಶನೇ ಮುಳುಗಿಹೋದ್ರೆ ಬಾಲ ಮಾತ್ರ ತೇಲುತ್ತಾ?”

ಅದು ಮುಳುಗುವುದರೊಳಗೆ ನಿಮ್ಮಕ್ಕ ಚರಂಡಿಯಲ್ಲಿ ಮುಳುಗುತ್ತಾಳೆ, ಮೊದಲು ಫೋಟೋ ಹಾಕು ಮಾರಾಯ ಎಂದೆ. ಬುನಾದಿ ಇಲ್ಲದೆ ಮನೆ ಕಟ್ಟುವುದಿಲ್ಲ ಎಂದು ಹೇಳಿ ಹೋದ. ಜೆರಾಕ್ಸಿನವನೂ ಅದೇ ಹೊತ್ತಿಗೆ ಇನ್ನೊಂದು ಹುಳ ಬಿಟ್ಟಿದ್ದ. ಬಾಲ ಎಷ್ಟೇ ಗಟ್ಟಿಯಿದ್ದರೂ ಇಲ್ಲಿಯ ಇಂಟರ್‌ನೆಟ್ ಲೈನಿನವರಿಗೆ ಹೇಳಿ ದಾರಿಯನ್ನೇ ಮುಚ್ಚಿಸಿಬಿಡಬಹುದು, ಆಗ ಸೈಟು ಇಡೀ ಲೋಕಕ್ಕೆ ಕಾಣುತ್ತದೆ, ನಮ್ಮ ಊರಿಗೆ ಮಾತ್ರ ಕಾಣುವುದಿಲ್ಲ ಎಂದಿದ್ದ. ಸೀಲಪ್ಪ ಅದಕ್ಕೂ ಉಪಾಯ ಹುಡುಕಲು ಕೂತ. ನಮ್ಮ ಚಪ್ಪಡಿ ನೋಡಲು ದ್ವೀಪದವರು ಕಾಯುತ್ತಾ ಕೂತಿದ್ದಾರೋ ಎಂದು ಕೇಳಿದರೆ ನನಗೆ ದೂರದೃಷ್ಟಿ ಇಲ್ಲ ಎಂದ.

ಇಷ್ಟರಲ್ಲಿ ಓನರಮ್ಮನ ಕಿವಿಗೆ ವಿಷಯ ಬಿತ್ತು. ವಿಷಯ ಪೂರ್ತಿ ಬಿದ್ದಿದ್ದರೆ ತೊಂದರೆ ಇರಲಿಲ್ಲ. ಬಿದ್ದದ್ದು ಎರಡೇ ತುಂಡು: ‘ದ್ವೀಪ’ ಮತ್ತು ‘ನಮ್ಮ ಸರ್ಕಾರ ಅಲ್ಲಿ ಏನೂ ಕಿತ್ತುಕೊಳ್ಳಲಾರದು’. ಎರಡನ್ನೂ ಸೇರಿಸಿ ಹೊಲಿದು ಅವರು ಒಂದು ಕೋಟು ಮಾಡಿದರು. ಸೀಲಪ್ಪ ಕಳ್ಳ ಸೀಲು ಮಾಡಿ ಚೆನ್ನಾಗಿ ದುಡಿದಿದ್ದಾನೆ, ಎಲ್ಲವನ್ನೂ ದ್ವೀಪದಲ್ಲಿಟ್ಟಿದ್ದಾನೆ, ಇವತ್ತೋ ನಾಳೆಯೋ ಹಾರಿಹೋಗುತ್ತಾನೆ. ಇದನ್ನು ಅವರು ಯಾರಿಗೂ ಹೇಳಬೇಡಿ ಎಂದು ಎಲ್ಲರಿಗೂ ಹೇಳಿದರು.

ಅಲ್ಲಿಂದ ಸೀಲಪ್ಪನ ದೆಸೆ ತಿರುಗಿತು. ನಲ್ಲಿ ನೀರಿಗೆ ಅವನ ಕೊಡ ಮೊದಲು. ದಿನಸಿ ಅಂಗಡಿಯವನು ಅವನನ್ನು ಕಂಡರೆ ಎದ್ದು ನಿಲ್ಲತೊಡಗಿದ. ಕದ್ದವನಿಗೆ ಸಿಗುವ ಮರ್ಯಾದೆ ನೋಡಿ, ಪ್ರಾಮಾಣಿಕವಾಗಿ ಟೈರು ಎಣಿಸಿ ತಲೆ ನರೆತ ನನಗೆ ಹೊಟ್ಟೆ ಉರಿಯಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಅವನ ಮಾವ ಬಸ್ಸು ಹತ್ತಿ ಬಂದುಬಿಟ್ಟರು. ಬಂದವರೇ ಅಳಿಯನ ಕೈ ಹಿಡಿದು, ಹೋಗುವುದಾದರೆ ಮಗಳನ್ನೂ ಕರೆದುಕೊಂಡು ಹೋಗಿ, ಇಲ್ಲೇ ಬಿಟ್ಟು ಹೋಗಬೇಡಿ ಎಂದು ಕಣ್ಣೀರು ಹಾಕಿದರು. ಕಣ್ಣೊರೆಸಿಕೊಂಡು, ದ್ವೀಪದಲ್ಲಿ ತಮ್ಮ ಕಿರಿಮಗನಿಗೂ ಏನಾದರೂ ಕೆಲಸ ಇರಬಹುದೇ ಎಂದು ಕೇಳಿದರು. ಸೀಲಪ್ಪ ತಾನು ತೆಗೆದುಕೊಳ್ಳುತ್ತಿರುವುದು ದ್ವೀಪದ ಬಾಲ ಮಾತ್ರ ಎಂದು ಸತ್ಯವನ್ನೇ ಹೇಳಿದ. ಮಾವ ತಲೆದೂಗಿ, ಬಾಲವಾದರೇನು, ಶುರುವಿಗೆ ಅಷ್ಟು ಸಾಕು ಎಂದರು.

ನಾನು ಸುಮ್ಮನೆ ಕೂತಿರಲಿಲ್ಲ. ಡಿಪೋದಲ್ಲಿ ಬಿಸಾಡಿದ ಒಂದು ದಪ್ಪ ಹಲಗೆ ಇತ್ತು. ಕೇಳಿ ತೆಗೆದುಕೊಂಡು, ಹೆಗಲ ಮೇಲೆ ಹೊತ್ತು ತಂದೆ. ಗೇಟಿನ ಮುಂದೆ ಹಾಸಬೇಕು ಅನ್ನುವಷ್ಟರಲ್ಲಿ ಸೀಲಪ್ಪ ಬಂದು ಅಡ್ಡ ಮಲಗುವುದೊಂದು ಬಾಕಿ.

“ಭಾವ, ದಮ್ಮಯ್ಯ, ಇದನ್ನ ಹಾಕಬೇಡಿ. ಮುರಿದ ಚಪ್ಪಡಿನೇ ನನ್ನ ಸಾಕ್ಷಿ. ಹಲಗೆ ಹಾಕಿದ್ರೆ ಅವರು ಬಂದು, ಎಲ್ಲಿದೆ ತೊಂದರೆ, ಜನ ಆರಾಮಾಗಿ ಓಡಾಡ್ತಿದಾರಲ್ಲ ಅಂತಾರೆ. ಇನ್ನು ಸ್ವಲ್ಪ ದಿನ. ಬಾಲ ಒಂದು ಆಗಿಬಿಡಲಿ.”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಗಂಟನ್ನು ಸೊಂಟಕ್ಕೆ ಸರಿಸಿಕೊಂಡು, “ಅವನು ಏನೋ ಮಾಡ್ತಿದಾನೆ, ಬಿಡ್ರಿ. ನಾನು ನೋಡ್ಕೊಂಡು ನಡೀತೀನಿ” ಎಂದಳು. ಹಲಗೆ ನಮ್ಮ ಮಂಚದ ಕೆಳಗೆ ಹೋಯಿತು.

ಇನ್ನು ಮುಂದಿನದನ್ನು ಹೇಳುವಾಗ ನನಗೆ ಈಗಲೂ ಮೈ ಪರಚಿಕೊಳ್ಳುವಂತಾಗುತ್ತದೆ. ಒಂದು ದಿನ ನಮ್ಮ ಬೀದಿಗೆ ಟ್ರ್ಯಾಕ್ಟರು ಬಂತು. ಅದರ ತುಂಬ ಹೊಸ ಚಪ್ಪಡಿಗಳು. ಯಾರೂ ಕೇಳಿರಲಿಲ್ಲ, ಯಾರೂ ಅರ್ಜಿ ಕೊಟ್ಟಿರಲಿಲ್ಲ, ಯಾವ ಬಾಲವೂ ಇರಲಿಲ್ಲ. ವರ್ಷಕ್ಕೊಮ್ಮೆ ಮುರಿದದ್ದನ್ನೆಲ್ಲ ಬದಲಾಯಿಸುವುದು ಅವರ ಪದ್ಧತಿಯಂತೆ. ಜೊತೆಗೆ ಮುನಿಸಿಪಾಲಿಟಿಯ ಇಂಜಿನಿಯರು ಬಂದಿದ್ದರು. ಸಣ್ಣ ವಯಸ್ಸಿನ, ತಲೆಗೆ ಎಣ್ಣೆ ಹಚ್ಚಿ ಬಾಚಿದ ಸಾಧು ಮನುಷ್ಯ. ನಮ್ಮ ಗೇಟಿನ ಮುಂದೆ ನಿಂತು, “ಇಲ್ಲೂ ಒಂದು ಹೋಗಿದೆಯಲ್ಲ, ಇಳಿಸ್ರಪ್ಪ” ಎಂದರು. ಕೂಲಿಯವರು ಚಪ್ಪಡಿ ಇಳಿಸಿ ಗೋಡೆಗೆ ಒರಗಿಸಿದರು. ನನ್ನ ಹೆಂಡತಿ ಮಿಷನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಗುತ್ತಾ ನಿಂತಳು.

ಅಷ್ಟು ಹೊತ್ತಿಗೆ ವೆಬ್‌ಸೈಟಿನ ತುಂಡೂ ಓನರಮ್ಮನ ಕಿವಿಗೆ ಬಿದ್ದಿತ್ತು. ಅವರು ಮಹಡಿಯಿಂದ ಬಗ್ಗಿ, ತಮ್ಮ ಬಾಡಿಗೆದಾರರ ದೊಡ್ಡಸ್ತಿಕೆಯನ್ನು ನಾಲ್ಕು ಜನಕ್ಕೆ ತಿಳಿಸುವ ಆಸೆಯಿಂದ, ನೆಟ್ಟಗೆ ಹಾಕಿ ಸ್ವಾಮಿ, ನಮ್ಮ ಸೀಲಪ್ಪ ನಿಮ್ಮ ಆಫೀಸಿನ ಮೇಲೆ ವೆಬ್‌ಸೈಟು ಮಾಡುತ್ತಿದ್ದಾರೆ, ದ್ವೀಪದಿಂದ, ನಿಮ್ಮ ಸರ್ಕಾರ ತಲೆಕೆಳಗಾದರೂ ತೆಗೆಸೋಕಾಗಲ್ಲ ಎಂದರು.

ಇಂಜಿನಿಯರ ತಲೆಯಲ್ಲಿದ್ದ ಎಣ್ಣೆ ಕೂಡ ಒಣಗಿತು. ಸೀಲಪ್ಪನನ್ನು ಕರೆಸಿದರು. ಬಹಳ ವಿನಯದಿಂದ, ಅದರಲ್ಲಿ ಏನಿದೆ ಸಾರ್ ಎಂದು ಕೇಳಿದರು. ಸೀಲಪ್ಪ ಎದೆ ಮುಂದೆ ಮಾಡಿ, ಸದ್ಯಕ್ಕೆ ಏನೂ ಇಲ್ಲ, ಮೊದಲು ಭದ್ರತೆ, ಆಮೇಲೆ ಬರವಣಿಗೆ ಎಂದ. ಏನೂ ಇಲ್ಲದ ಒಂದು ಸೈಟನ್ನು ಸರ್ಕಾರದಿಂದ ಕಾಪಾಡಲು ಒಬ್ಬ ಮನುಷ್ಯ ತಿಂಗಳುಗಟ್ಟಲೆ ದ್ವೀಪ ಹುಡುಕುತ್ತಾನೆಂದರೆ ಯಾವ ಇಂಜಿನಿಯರು ನಂಬುತ್ತಾನೆ? ಅವರು ಪಕ್ಕಕ್ಕೆ ಹೋಗಿ ಮೇಲಿನವರಿಗೆ ಫೋನು ಮಾಡಿದರು. ಮೇಲಿನವರು ಅವರಿಗಿಂತ ಮೇಲಿನವರನ್ನು ಕೇಳಿರಬೇಕು, ಬಹಳ ಹೊತ್ತು ಹಿಡಿಯಿತು. ತಿರುಗಿ ಬಂದು ಕೂಲಿಯವರಿಗೆ, ಚಪ್ಪಡಿ ವಾಪಸು ಏರಿಸಿ ಎಂದರು.

ನಾನು ಅವರ ದಾರಿಗೆ ಅಡ್ಡ ನಿಂತೆ. ಸ್ವಾಮಿ, ತಂದದ್ದು ತಂದಿದ್ದೀರಿ, ಹಾಕಿ ಹೋಗಿ ಎಂದು ಕೈ ಮುಗಿದೆ.

“ನಿಮಗೆ ಅರ್ಥ ಆಗ್ತಿಲ್ಲ ಯಜಮಾನ್ರೆ. ನಿನ್ನೆ ಆಗಿದ್ರೆ ಹಾಕಿಬಿಡ್ತಿದ್ದೆ. ಈಗ ಇದರ ಮೇಲೆ ವೆಬ್‌ಸೈಟ್ ಇದೆ. ಈಗ ಹಾಕಿದ್ರೆ ತಪ್ಪು ನಮ್ಮದೇ ಅಂತ ಒಪ್ಪಿಕೊಂಡ ಹಾಗೆ. ಅದರಲ್ಲಿ ಏನು ಬರುತ್ತೆ ಅಂತ ತಿಳಿಯೋ ತನಕ ಆ ಕಲ್ಲನ್ನ ನಾವು ಮುಟ್ಟೋ ಹಾಗಿಲ್ಲ. ನೀವೂ ಮುಟ್ಟಬೇಡಿ.”

ಟ್ರ್ಯಾಕ್ಟರು ಪಕ್ಕದ ಮನೆಗೆ ಒಂದು ಹಾಕಿತು, ಎದುರು ಮನೆಗೆ ಒಂದು ಹಾಕಿತು, ನಮ್ಮದನ್ನು ಹೊತ್ತುಕೊಂಡು ಹೋಯಿತು. ನನ್ನ ಹೆಂಡತಿ ಒಳಗೆ ಹೋಗಿ ಮಿಷನ್ನು ತುಳಿಯತೊಡಗಿದಳು. ಸೀಲಪ್ಪ ಮಾತ್ರ ನನ್ನ ಭುಜ ಹಿಡಿದು ಅಲುಗಾಡಿಸಿದ. ಬಾಲ ಇನ್ನೂ ಅಂಟಿಸಿಲ್ಲ ಭಾವ, ಆಗಲೇ ಹೇಗೆ ನಡುಗಿದರು ನೋಡಿದಿರಾ ಎಂದ. ಅವನ ಮುಖದಲ್ಲಿದ್ದ ಸಂತೋಷವನ್ನು ನೋಡಿ, ನನಗೆ ಅವನನ್ನು ಎತ್ತಿ ಆ ಟ್ರ್ಯಾಕ್ಟರಿಗೇ ಹಾಕಿ ಕಳಿಸಬೇಕೆನ್ನಿಸಿತು.

ಆಮೇಲೆ ಒಂದು ಸಂಜೆ ಅವಳು ಬಿದ್ದಳು.

ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ. ಶಾಲೆಗಳು ಶುರುವಾಗುವ ತಿಂಗಳು, ಯೂನಿಫಾರಂ ಗಂಟು ದೊಡ್ಡದಿತ್ತು. ಎಡಗಡೆ ಇಡಬೇಕಾದ ಕಾಲನ್ನು ಬಲಗಡೆ ಇಟ್ಟಳು. ಕಲ್ಲು ಎದ್ದಿತು, ಅವಳು ಒಳಗೆ ಹೋದಳು, ಕಲ್ಲು ಅವಳ ಕಾಲಿನ ಮೇಲೆ ಬಿತ್ತು. ಕೊನೆ ಮನೆಯ ನರ್ಸು ಡ್ಯೂಟಿಗೆ ಹೊರಟಿದ್ದವಳು ಸೀರೆ ಎತ್ತಿ ಕಟ್ಟಿ ಚರಂಡಿಗಿಳಿದು ಅವಳ ಕಾಲನ್ನು ಹಿಡಿದುಕೊಂಡಳು, ಯಾರೂ ಎಳೆಯಬೇಡಿ ಎಂದು ಗದರಿಸಿದಳು. ನಾನು ಕಲ್ಲು ಎತ್ತಿದೆ. ಹೆಂಡತಿ ಆಗಲೂ, ಬಟ್ಟೆಗೆ ಕೊಳೆ ತಾಗದ ಹಾಗೆ ಗಂಟನ್ನು ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದುಕೊಂಡೇ ಇದ್ದಳು.

ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಡಾಕ್ಟರು ಒಳಗೆ ಸಲಾಕೆ ಇಟ್ಟರು. ಕೋಲು ಹಿಡಿದು ನಡೆಯಬಹುದು, ಕಾಲ ಬೇಕು, ಆದರೆ ಮಿಷನ್ನು ತುಳಿಯುವುದನ್ನು ಮರೆತುಬಿಡಿ ಎಂದರು. ಅವಳು ಅಳಲಿಲ್ಲ. ಯೂನಿಫಾರಂ ಹೊಲಿದದ್ದನ್ನು ಅಂಗಡಿಗೆ ತಲುಪಿಸಿದಿರಾ ಎಂದು ಕೇಳಿದಳು. ನಾನು ಹೊರಗೆ ಬಂದು ಆಸ್ಪತ್ರೆಯ ನಲ್ಲಿ ತಿರುಗಿಸಿ, ನೀರು ಬಿಟ್ಟುಕೊಂಡು ಅತ್ತೆ. ಸೀಲಪ್ಪ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ಒಂದು ಮಾತು ಬಯ್ಯಬೇಕೆಂದು ಹೋದವನು ಅವನ ಮುಖ ನೋಡಿ ಬಯ್ಯದೆ ತಿರುಗಿ ಬಂದೆ.

ಅಷ್ಟು ತಿಂಗಳು ಆಗದಿದ್ದ ಬಾಲ ಆ ಬೆಂಚಿನ ಮೇಲೆ ಒಂದು ಗಳಿಗೆಯಲ್ಲಿ ಆಯಿತು. ಮುಳುಗುವ ದ್ವೀಪವೇ ಆಗಲಿ ಎಂದು ಫೋನಿನಲ್ಲೇ ಜೆರಾಕ್ಸಿನವನಿಗೆ ಹೇಳಿದ. ಮುರಿದ ಚಪ್ಪಡಿಯ ಫೋಟೋ, ಅಕ್ಕನ ಕಾಲಿನ ಎಕ್ಸ್‌ರೇ, ಇಂಜಿನಿಯರು ಹೇಳಿದ ಮಾತು, ಎಲ್ಲವನ್ನೂ ಹಾಕಿದ. ಬರೆದದ್ದನ್ನು ನನಗೆ ಓದಿ ಹೇಳಿದ. ಚೆನ್ನಾಗಿತ್ತು. ಮೂರ್ಖನಿಗೆ ಸಿಟ್ಟು ಬಂದಾಗ ಬರುವ ಭಾಷೆಯೇ ಬೇರೆ.

ಆಮೇಲೆ ಅವನು ಕಾಯತೊಡಗಿದ. ಸರ್ಕಾರ ಈಗ ಬರುತ್ತದೆ, ದ್ವೀಪಕ್ಕೆ ಬರೆಯುತ್ತದೆ, ದ್ವೀಪ ಒಪ್ಪುವುದಿಲ್ಲ, ಲೈನಿನವರಿಗೆ ಹೇಳುತ್ತದೆ, ಪೇಪರಿನವರು ಕೇಳುತ್ತಾರೆ. ಬೆಳಿಗ್ಗೆ ಎದ್ದರೆ ಮೊದಲು ಸೈಟು ಇದೆಯೋ ಇಲ್ಲವೋ ನೋಡುತ್ತಿದ್ದ. ಇರುತ್ತಿತ್ತು. ಮಧ್ಯಾಹ್ನವೂ ಇರುತ್ತಿತ್ತು. ಇದ್ದಷ್ಟೂ ಅವನ ಮುಖ ಸಣ್ಣಗಾಗುತ್ತಾ ಬಂತು. ಎಷ್ಟು ಜನ ನೋಡಿದ್ದಾರೆಂದು ಕೇಳಿದ್ದಕ್ಕೆ ಜೆರಾಕ್ಸಿನವನು ತಲೆ ಕೆರೆದುಕೊಂಡು, ನೀವು, ನಿಮ್ಮ ಭಾವ, ನಾನು, ಇನ್ನೊಬ್ಬರು ಯಾರೋ ದಿನಾ ಸರಿಯಾಗಿ ಆಫೀಸು ತೆರೆಯುವ ಹೊತ್ತಿಗೆ ನೋಡುತ್ತಾರೆ ಎಂದ.

ಕೊನೆಗೆ ಅವನು ನನ್ನನ್ನು ಕರೆದುಕೊಂಡು ಇಂಜಿನಿಯರ ಕಚೇರಿಗೇ ಹೋದ. ಅಲ್ಲಿ ಒಬ್ಬ ಗುಮಾಸ್ತನಿಗೆ ಬೆಳಿಗ್ಗೆ ಆ ಸೈಟು ತೆರೆದು ನೋಡುವ ಕೆಲಸ ಕೊಟ್ಟಿದ್ದರು, ನೋಡಿ ‘ನೋಡಲಾಗಿದೆ’ ಎಂದು ಸೀಲು ಒತ್ತುತ್ತಿದ್ದ. ಸೀಲು ಸೀಲಪ್ಪನ ಅಂಗಡಿಯದೇ. ಇಂಜಿನಿಯರು ನಮ್ಮನ್ನು ಕೂರಿಸಿದರು. ನಿಮ್ಮ ಮನೆಯವರ ವಿಷಯ ಓದಿ ಬಹಳ ಬೇಜಾರಾಯಿತು ಎಂದರು. ನಿಜವಾಗಿಯೇ ಆಗಿತ್ತು, ಮುಖದಲ್ಲಿ ಕಾಣುತ್ತಿತ್ತು.

“ಮತ್ತೆ ಸೈಟು ಯಾಕೆ ಸಾರ್ ತೆಗೆಸಿಲ್ಲ?” ಎಂದು ಸೀಲಪ್ಪ ಕೇಳಿದ.

“ಯಾಕೆ ತೆಗೆಸಬೇಕು? ಅದರಲ್ಲಿ ಸುಳ್ಳೇನೂ ಇಲ್ಲವಲ್ಲ. ಕಲ್ಲು ಮುರಿದಿದೆ ಅಂತ ಬರೆದಿದ್ದೀರಿ, ಮುರಿದಿದೆ. ಇರ್ಲಿ ಬಿಡಿ. ನಮ್ಮಿಂದೇನೂ ಅಭ್ಯಂತರ ಇಲ್ಲ.”

ಹಾಗಾದರೆ ಸುಳ್ಳಿಲ್ಲ ಅಂದಮೇಲೆ ಈಗಲಾದರೂ ಕಲ್ಲು ಹಾಕಿಸಿ ಎಂದೆ ನಾನು. ಈ ವರ್ಷದ ಕಲ್ಲು ಮುಗಿದಿದೆ, ಅಲ್ಲದೆ ಒಬ್ಬರಿಗೆ ಏಟಾದ ಜಾಗವಾದ್ದರಿಂದ ಅದು ಈಗ ವಿಚಾರಣೆಯಲ್ಲಿದೆ, ವಿಚಾರಣೆ ಮುಗಿಯುವ ತನಕ ಇದ್ದ ಹಾಗೇ ಇರಬೇಕು ಎಂದರು. ಸೀಲಪ್ಪ ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಸ್ಟಾಂಪುಗಳನ್ನೇ ನೋಡುತ್ತಾ ಕೂತಿದ್ದ. ಎಲ್ಲವೂ ಅವನ ಕೈಕೆಲಸ. ಎದ್ದು ಬರುವಾಗ ಅವನ ಕಾಲು ಬಾಗಿಲಿಗೆ ತಾಗಿತು, ಏಟು ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಹೆಂಡತಿ ಆಸ್ಪತ್ರೆಯಿಂದ ಬರುವ ದಿನ ನಾನು ಯಾರನ್ನೂ ಕೇಳಲಿಲ್ಲ. ಮಂಚದ ಕೆಳಗಿನ ಹಲಗೆಯನ್ನು ಎಳೆದು ಚರಂಡಿಯ ಮೇಲೆ ಹಾಸಿದೆ. ಸೀಲಪ್ಪ ಇನ್ನೊಂದು ತುದಿ ಹಿಡಿದ. ಅವಳು ಕೋಲೂರಿಕೊಂಡು ದಾಟಿ ಮನೆಯೊಳಗೆ ಬಂದಳು. ಬಟ್ಟೆ ಹೊದಿಸಿಟ್ಟಿದ್ದ ಮಿಷನ್ನಿನ ಕಡೆ ನೋಡದೆ ಹೋಗಿ ಮಲಗಿದಳು. ಆ ಬಟ್ಟೆಯನ್ನು ಹೊದಿಸಿದ್ದು ನಾನೇ. ಯಾಕಾದರೂ ಹೊದಿಸಿದೆನೋ ಅನ್ನಿಸಿತು.

ಮರುದಿನ ಬೆಳಿಗ್ಗೆ ಸರ್ಕಾರ ಬಂತು. ಒಂದು ಜೀಪು, ನಾಲ್ಕು ಜನ, ಮುಂದೆ ಒಬ್ಬ ಹೊಸ ಸಾಹೇಬರು. ಒತ್ತುವರಿ ತೆರವು ವಿಭಾಗದವರಂತೆ. ಸಾರ್ವಜನಿಕ ಚರಂಡಿಯ ಮೇಲೆ ಖಾಸಗಿಯವರು ಹಲಗೆ ಹಾಕಿರುವುದು ನಮ್ಮ ವೆಬ್‌ಸೈಟಿನಿಂದಲೇ ಅವರಿಗೆ ತಿಳಿಯಿತಂತೆ. ಹಿಂದಿನ ಸಂಜೆ ಸೀಲಪ್ಪ, ಸರ್ಕಾರ ಹಾಕದ್ದನ್ನು ನಾವೇ ಹಾಕಿಕೊಂಡೆವು ಎಂದು ಅದರಲ್ಲಿ ಫೋಟೋ ಹಾಕಿದ್ದ. ಸಾಹೇಬರು ನಮ್ಮ ಮೇಲೆ ಸಿಟ್ಟಾಗಲಿಲ್ಲ, ದಂಡ ಹಾಕಲಿಲ್ಲ. ವೆಬ್‌ಸೈಟು ಚೆನ್ನಾಗಿದೆ, ಮುಂದುವರಿಸಿ ಎಂದರು. ಹಲಗೆಯನ್ನು ಮಾತ್ರ ಎತ್ತಿಸಿದರು.

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಓನರಮ್ಮ ಮಹಡಿಯಿಂದ ಅಂದರು. ಸಾಹೇಬರು ಎಲ್ಲಕ್ಕೂ ಹೌದು ಹೌದು ಎಂದರು. ಅಷ್ಟರಲ್ಲಿ ನನ್ನ ಹೆಂಡತಿ ಕೋಲೂರಿಕೊಂಡು ಗೇಟಿಗೆ ಬಂದಳು. ಡ್ರೆಸಿಂಗ್ ಬದಲಾಯಿಸುವ ದಿನವಾಗಿತ್ತು, ಆಟೋ ಆಚೆ ರಸ್ತೆಯಲ್ಲಿ ನಿಂತಿತ್ತು.

“ತಗೊಂಡು ಹೋಗಿ, ಬೇಡ ಅನ್ನಲ್ಲ. ಆದ್ರೆ ನಾನೀಗ ಆಸ್ಪತ್ರೆಗೆ ಹೋಗ್ಬೇಕು. ಹೇಗೆ ದಾಟ್ಲಿ ಅಂತ ಹೇಳಿ” ಎಂದಳು.

ಸಾಹೇಬರು ಜೀಪಿನ ಕಡೆ ನೋಡಿದರು, ಆಕಾಶದ ಕಡೆ ನೋಡಿದರು. ಹಲಗೆ ಹೊತ್ತಿದ್ದ ನಾಲ್ವರು ಯಾರ ಅಪ್ಪಣೆಗೂ ಕಾಯದೆ ಅದನ್ನು ಮತ್ತೆ ಚರಂಡಿಯ ಮೇಲೆ ಇಟ್ಟರು. ಒಬ್ಬ ಕೈ ಕೊಟ್ಟ. ಅವಳು ದಾಟಿದಳು. ಅವಳ ಕೋಲು ಆ ಕಡೆಯ ನೆಲ ಮುಟ್ಟಿದ ಮೇಲೆ ಹಲಗೆಯನ್ನು ಎತ್ತಿ ಜೀಪಿಗೆ ಹಾಕಿದರು. ಆಟೋದಲ್ಲಿ ಕೂತು ಅವಳು, “ವಾಪಸು ಬರೋವಾಗ?” ಎಂದು ಕೇಳಿದಳು. ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಸಾಹೇಬರು ತಲೆ ತಗ್ಗಿಸಿ ಹೇಳಿದರು.

ನಾವು ಆಸ್ಪತ್ರೆಯಿಂದ ಬಂದಾಗ ಸೀಲಪ್ಪ ಅಂಗಡಿ ಮುಚ್ಚಿ ಬಂದು ಪ್ಯಾಂಟು ಮಡಚಿಕೊಂಡು ಚರಂಡಿಯೊಳಗೆ ನಿಂತಿದ್ದ. ಬೆನ್ನು ಬಗ್ಗಿಸಿ, ಎರಡೂ ಕೈಯನ್ನು ಆಚೆಯ ಅಂಚಿಗೆ ಊರಿದ್ದ. “ಕಾಲಿಡಕ್ಕ, ಅಲ್ಲಾಡಲ್ಲ” ಎಂದ. ಅವಳು ಬಹಳ ಹೊತ್ತು ಅವನ ಬೆನ್ನನ್ನೇ ನೋಡಿದಳು. ಆಮೇಲೆ ನನ್ನ ಕೈ ಹಿಡಿದು, ಚಪ್ಪಲಿ ಬಿಟ್ಟು, ಅವನ ಬೆನ್ನ ಮೇಲೆ ಒಳ್ಳೆಯ ಕಾಲನ್ನಿಟ್ಟು ದಾಟಿದಳು.

ಈಗ ಅವಳು ಹೊರಗೆ ಹೋಗುವಾಗಲೂ ಬರುವಾಗಲೂ ಅವನು ಬಂದು ಹಾಗೆಯೇ ನಿಲ್ಲುತ್ತಾನೆ. ವೆಬ್‌ಸೈಟು ಇದ್ದ ಹಾಗೇ ಇದೆ. ಅವನನ್ನು ತೆರವು ಮಾಡಲು ಇನ್ನೂ ಯಾರೂ ಬಂದಿಲ್ಲ.